ಗುಲಾಬಿ ತಾತನ ಚಿಟಿಕೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಹೇಳಿದವರ ಮೂವತ್ತೆರಡು ಹಲ್ಲೂ ಒಂದೇ ಸಲಕ್ಕೆ ಉದುರಿಹೋಗಲಿ. ಉದುರಿದ ಮೇಲೆ ಕಟ್ಟಿಸಿಕೊಳ್ಳಲು ಹಲ್ಲಕ್ಕನ ಹತ್ತಿರವೇ ಹೋಗಬೇಕಾಗಿ ಬರಲಿ, ಆ ಹೊತ್ತಿಗೆ ಅವಳು ಸಿಟ್ಟಿನಲ್ಲಿರಲಿ. ಇದಕ್ಕಿಂತ ದೊಡ್ಡ ಆಣೆ ಯಾರಿಗೂ ಬೇಕಾಗಲಾರದು.

ಹಲ್ಲಕ್ಕ ಎಂದರೆ ದಂತವೈದ್ಯೆಯ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುವವಳು. ವಯಸ್ಸು ನಲವತ್ತೇಳು. ಕೋಣೆಗೆ ಒಂದು ಕಿಟಕಿ, ಪಿಂಗಾಣಿ ಹಲ್ಲು ಸುಡುವ ಒಂದು ಪುಟ್ಟ ಕುಲುಮೆ, ಗೋಡೆಯುದ್ದಕ್ಕೂ ಸಾಲಾಗಿ ಪ್ಲಾಸ್ಟರಿನ ದವಡೆಗಳು. ಹತ್ತೊಂಬತ್ತು ವರ್ಷದಿಂದ ಅವಳು ಆ ದವಡೆಗಳ ಜೊತೆಗೇ ಮಾತಾಡಿಕೊಂಡು ಬದುಕಿದ್ದಳು. ಎದುರು ಮಾತಾಡದ ಬಾಯಿಗಳು ಎಂದರೆ ಅವಳಿಗೆ ಅಚ್ಚುಮೆಚ್ಚು.

ಕೋಣೆಯೂ ಕುಲುಮೆಯೂ ಮೇಷ್ಟ್ರಿಗೆ ಸೇರಿದ್ದು. ಅವಳಿಗೆ ಕಸುಬು ಕಲಿಸಿದವರು ಅವರೇ. ಈಗೀಗ ಅವರ ಕೈ ನಡುಗುತ್ತಿತ್ತು. ಹಿಂದಿನ ವರ್ಷ ಒಬ್ಬ ವಕೀಲರಿಗೆ ಮೇಲಿನ ಸೆಟ್ಟನ್ನು ತಿರುವುಮುರುವು ಮಾಡಿಕೊಟ್ಟುಬಿಟ್ಟಿದ್ದರು. ವಕೀಲರು ಅದನ್ನೇ ಹಾಕಿಕೊಂಡು ಒಂದು ವಾರ ವಾದ ಮಾಡಿದರು, ಯಾರಿಗೂ ಏನೂ ತಿಳಿಯದೆ ಎಲ್ಲಾ ಕೇಸೂ ಗೆದ್ದರು. ಆದರೂ ಮೇಷ್ಟ್ರಿಗೆ ನಾಚಿಕೆಯಾಗಿ ಅಂಗಡಿ ಬಿಡುವ ಯೋಚನೆ ಬಂತು.

“ನೀನೇ ತಗೋ ಮಗಳೇ,” ಎಂದರು. “ಆರು ತಿಂಗಳು ಕಾಯ್ತೀನಿ. ಅಷ್ಟರೊಳಗೆ ಆಗ್ಲಿಲ್ಲ ಅಂದ್ರೆ ಮೊಬೈಲ್ ಕವರ್ ಮಾರೋನಿಗೆ ಕೊಟ್ಬಿಡ್ತೀನಿ. ಅವನು ಆಗ್ಲೇ ಗೋಡೆಗೆ ಬಣ್ಣ ಆರಿಸಿಟ್ಟಿದಾನೆ.”

ಯಾವ ಬಣ್ಣ ಎಂದು ಕೇಳಿದಳು. ನೇರಳೆ ಎಂದರು. ಹಲ್ಲಕ್ಕ ಗೋಡೆಯ ಮೇಲಿನ ಬಿಳಿ ದವಡೆಗಳ ಸಾಲನ್ನೊಮ್ಮೆ ನೋಡಿದಳು. ಆದರೆ ಹೆದರಲಿಲ್ಲ, ಯಾಕೆಂದರೆ ದುಡ್ಡು ಇತ್ತು. ಆ ದೇಶದ ನೋಟು ಬಿಸಿನೀರಲ್ಲಿ ಒಗೆದ ಉಣ್ಣೆಯ ಹಾಗೆ ವರ್ಷವರ್ಷ ಕುಗ್ಗುತ್ತಿದ್ದುದರಿಂದ ಅವಳು ಎಂಟು ವರ್ಷದ ಉಳಿತಾಯವನ್ನೆಲ್ಲ ಕ್ರಿಪ್ಟೋ ನಾಣ್ಯ ಮಾಡಿ ಇಟ್ಟಿದ್ದಳು. ಅದೂ ಕಳ್ಳದಾರಿಯಲ್ಲಲ್ಲ. ‘ಪರವಾನಗಿ ಇರುವ ವಿನಿಮಯ ಕಂಪನಿಯಲ್ಲೇ ಇಡಿ, ನಿಶ್ಚಿಂತೆಯಿಂದಿರಿ’ ಎಂದು ಸರ್ಕಾರ ಟೀವಿಯಲ್ಲಿ ಜಾಹೀರಾತು ಕೊಟ್ಟಾಗ, ಇಡೀ ಗುಂಪಿನಲ್ಲಿ ಅದನ್ನು ಅಕ್ಷರಶಃ ಪಾಲಿಸಿದವಳು ಅವಳೊಬ್ಬಳೇ.

ಗುಂಪು ಎಂದರೆ ಫೋನಿನೊಳಗಿನದು. ನಾಲ್ಕು ಸಾವಿರ ಜನ, ಯಾರ ಮುಖವನ್ನೂ ಯಾರೂ ನೋಡಿಲ್ಲ. ಬೆಲೆ ಏರಿದ ದಿನ ಎಲ್ಲರೂ ಪಂಡಿತರು. ಇಳಿದ ದಿನ ಎಲ್ಲರೂ ತತ್ತ್ವಜ್ಞಾನಿಗಳು. ಒಬ್ಬ ಲಾರಿ ಚಾಲಕ ನಕ್ಷೆಯ ಗೆರೆ ನೋಡಿ ನಾಳಿನ ಬೆಲೆ ಹೇಳುತ್ತಿದ್ದ. ಎಂಟು ವರ್ಷದಲ್ಲಿ ಒಂದೂ ನಿಜವಾಗಿರಲಿಲ್ಲ, ಹಾಗಾಗಿ ಅವನು ಹೇಳಿದ್ದಕ್ಕೆ ಉಲ್ಟಾ ಮಾಡಿದವರೆಲ್ಲ ಮನೆ ಕಟ್ಟಿಸಿಕೊಂಡಿದ್ದರು, ಅವನ ಮೇಲೆ ಎಲ್ಲರಿಗೂ ಅಪಾರ ಗೌರವ. ಹಲ್ಲಕ್ಕ ಎಂಬ ಹೆಸರೂ ಅಲ್ಲಿಯದೇ. ಹಲ್ಲು ನೋವು ಎಂದವರಿಗೆಲ್ಲ ಪುಕ್ಕಟೆ ಸಲಹೆ ಕೊಡುತ್ತಿದ್ದಳು.

ಆ ಗುಂಪಿಗೊಂದು ರೂಢಿ ಇತ್ತು. ಬೆಳಿಗ್ಗೆ ಬರೀ ಬಾಯಲ್ಲಿ ಶುಭೋದಯ ಹೇಳಿದರೆ ಅದು ಶುಭೋದಯವೇ ಅಲ್ಲ. ಹೇಳಿಸಿಕೊಂಡವರ ಖಾತೆಗೆ ಒಂದು ಚಿಟಿಕೆ ನಾಣ್ಯ ಹಾಕಬೇಕು. ಒಂದು ಬೆಂಕಿಕಡ್ಡಿಯ ಬೆಲೆಯಷ್ಟೂ ಇರದ ಚಿಟಿಕೆ. ಮಗು ಹುಟ್ಟಿದರೆ ಚಿಟಿಕೆ, ಮುನಿಸಿಕೊಂಡರೆ ಚಿಟಿಕೆ, ರಾಜಿಯಾದರೆ ಚಿಟಿಕೆ. ಇದರಲ್ಲಿ ಎಲ್ಲರಿಗಿಂತ ಮುಂದಿದ್ದವನು ಗುಲಾಬಿ ತಾತ. ಆರು ಗಂಟೆಗೆ ಸರಿಯಾಗಿ ಒಂದು ಗುಲಾಬಿಯ ಚಿತ್ರ, ಹಿಂದೆಯೇ ಒಂದು ಚಿಟಿಕೆ. ಹಡಗಿನಲ್ಲಿದ್ದೇನೆ, ಒಂಟಿ ಜೀವ ಎನ್ನುತ್ತಿದ್ದ. ವಸಡಿಗೆ ಉಪ್ಪುನೀರು ಮುಕ್ಕಳಿಸು ತಾತ ಎಂದು ಹಲ್ಲಕ್ಕ ಹೇಳಿದ ದಿನದಿಂದ ಅವಳಿಗೆ ದಿನಾ ತಪ್ಪದೆ ಹಾಕುತ್ತಿದ್ದ.

ಇತ್ತ ಎರಡು ದೊಡ್ಡ ದೇಶಗಳಿಗೆ ಒಂದು ಜಲಸಂಧಿಯ ವಿಷಯದಲ್ಲಿ ಜಗಳ ಹತ್ತಿಕೊಂಡಿತು. ಒಂದು ದೇಶ ನಿಷೇಧಿತರ ಪಟ್ಟಿ ಹೊರಡಿಸಿತು; ಅದು ಹಲ್ಲಕ್ಕನ ದೇಶದ ಸ್ನೇಹಿತನಾದ್ದರಿಂದ ಅದೇ ಪಟ್ಟಿ ಇಲ್ಲಿಯೂ ಜಾರಿಗೆ ಬಂತು. ಪಟ್ಟಿಯ ಮೊದಲ ಹೆಸರು, ಹೊಲಿಗೆ ಯಂತ್ರ ಎಂದು ಬರೆದ ಪೆಟ್ಟಿಗೆಗಳಲ್ಲಿ ಕ್ಷಿಪಣಿ ಸಾಗಿಸುತ್ತಿದ್ದ ಒಬ್ಬ ದಲ್ಲಾಳಿಯದು. ಪತ್ರಿಕೆಗಳು ಅವನ ಫೋಟೋವನ್ನೂ ಅವನ ಕ್ರಿಪ್ಟೋ ಖಾತೆಯ ಉದ್ದನೆಯ ಸಂಖ್ಯೆಯನ್ನೂ ಅಚ್ಚು ಹಾಕಿದವು. ಗುಂಪಿನವರು ಸಂಖ್ಯೆ ತಾಳೆ ನೋಡಿದರು. ಗುಲಾಬಿ ತಾತ.

ಅವನಿಂದ ಒಂದು ಕಾಸು ಬಂದಿದ್ದರೂ ಆ ಖಾತೆಗೆ ಬೀಗ ಎಂದು ನಿಯಮ. ಗುಂಪಿನ ಬೇರೆಯವರೆಲ್ಲ ನಾಣ್ಯವನ್ನು ಯಾವ ಕಂಪನಿಯಲ್ಲೂ ಇಡದೆ ಸ್ವಂತ ಫೋನಿನಲ್ಲಿಟ್ಟುಕೊಂಡಿದ್ದರು. ಅವರಿಗೆ ಬೀಗ ಹಾಕಲು ಬಾಗಿಲೇ ಇರಲಿಲ್ಲ. ಕಾನೂನು ಕೇಳಿದವಳ ಖಾತೆ ಮಾತ್ರ ಮುಚ್ಚಿತು.

ಹಲ್ಲಕ್ಕ ಅರ್ಧ ದಿನ ರಜೆ ಹಾಕಿ, ಖಾತೆಗಳಿಗೆ ಬೀಗ ಹಾಕಿಸುವ ಸರ್ಕಾರಿ ನಿಯಂತ್ರಣ ಕಚೇರಿಗೆ ಹೋದಳು. ಮೂರನೇ ಮಹಡಿ. ಅಧಿಕಾರಿ ಒಳ್ಳೆಯ ಮನುಷ್ಯನಂತೆಯೇ ಕಂಡ. ಕೂರಿಸಿ, ನೀರು ಕೊಟ್ಟು, ಒಂದು ಹಾಳೆ ಬಿಡಿಸಿದ. ಒಂದು ತುದಿಯಲ್ಲಿ ಹಡಗು, ಇನ್ನೊಂದು ತುದಿಯಲ್ಲಿ ಅವಳು, ನಡುವೆ ಕೆಂಪು ಬಾಣಗಳು.

“ಇವರು ನಿಮಗೆ ದುಡ್ಡು ಕಳ್ಸಿದ್ದು ಯಾಕಮ್ಮಾ?”

“ಶುಭೋದಯಕ್ಕೆ ಸಾರ್.”

“ಇನ್ನೂರ ಹದಿಮೂರು ಸಲ?”

“ಇನ್ನೂರ ಹದಿಮೂರು ಸಲ ಬೆಳಗಾಯ್ತಲ್ಲ ಸಾರ್, ನಾನೇನ್ ಮಾಡ್ಲಿ.”

ಎಲ್ಲ ಚಿಟಿಕೆಯನ್ನೂ ಕೂಡಿದರೆ ಸಕ್ಕರೆ ಹಾಕದ ಅರ್ಧ ಲೋಟ ಚಹಾ ಬರುತ್ತಿತ್ತು. ಅಷ್ಟು ಸಣ್ಣ ಮೊತ್ತವೇ ಅನುಮಾನಕ್ಕೆ ಕಾರಣ ಎಂದು ಅಧಿಕಾರಿ ವಿವರಿಸಿದ. ದೊಡ್ಡ ಮೊತ್ತವಾಗಿದ್ದರೆ ವ್ಯಾಪಾರ ಅನ್ನಬಹುದಿತ್ತಂತೆ. ಆಮೇಲೆ ಒಂದು ಅರ್ಜಿ ಕೊಟ್ಟ. ದುಡ್ಡು ಬಂದ ಕಾರಣ ಎಂಬಲ್ಲಿ ನಾಲ್ಕು ಚೌಕ ಇದ್ದವು: ಸಂಬಳ, ಮಾರಾಟ, ಪಿತ್ರಾರ್ಜಿತ, ಉಡುಗೊರೆ. ಶುಭೋದಯಕ್ಕೆ ಚೌಕ ಇರಲಿಲ್ಲ. ಉಡುಗೊರೆ ಎಂದರೆ ಕೊಟ್ಟವನ ಸಹಿ ಬೇಕು. ಕೊಟ್ಟವನು ನಿಷೇಧಿತ, ಅವನ ಜೊತೆ ಮಾತಾಡಿದರೆ ಏಳು ವರ್ಷ ಜೈಲು.

ಮನೆಯಲ್ಲಿ ಚಿಕ್ಕಮ್ಮ ಎಲ್ಲವನ್ನೂ ಕೂತು ಕೇಳಿದಳು. “ಯುದ್ಧಕ್ಕೆ ದುಡ್ಡು ಕೊಡೋಳು ಗ್ಯಾಸಿಗೆ ಮಾತ್ರ ನನ್ನ ಹತ್ರ ಕೇಳ್ತೀಯಲ್ಲೇ,” ಎಂದಳು.

ಹಲ್ಲಕ್ಕ ಗುಂಪಿನಲ್ಲಿ ನಡೆದದ್ದನ್ನು ಬರೆದಳು. ಬರೆಯಬಾರದಿತ್ತು. ಗುಂಪಿನವರ ಕರುಳು ಕಿತ್ತುಬಂತು. ಅಕ್ಕನಿಗೆ ಅನ್ಯಾಯವಾಗಿದೆ, ಸುಮ್ಮನಿರಬಾರದು ಎಂದು ಲಾರಿ ಚಾಲಕ ಕರೆ ಕೊಟ್ಟ. ಆ ಜನಕ್ಕೆ ಪ್ರೀತಿ ತೋರಿಸಲು ಗೊತ್ತಿದ್ದುದು ಒಂದೇ ದಾರಿ. ಒಂದು ಮಧ್ಯಾಹ್ನದೊಳಗೆ ನಾಲ್ಕು ಸಾವಿರ ಜನರೂ ಬೀಗ ಬಿದ್ದ ಅವಳ ಖಾತೆಗೆ ಒಂದೊಂದು ಚಿಟಿಕೆ ಹಾಕಿ, ‘ಇವಳು ನಿರಪರಾಧಿ’ ಎಂದು ಷರಾ ಬರೆದರು. ದುಡ್ಡು ಹೊರಗೆ ಬರಲು ಬೀಗ, ಒಳಗೆ ಹೋಗಲು ಇಲ್ಲ. ಆ ನಾಲ್ಕು ಸಾವಿರ ಜನಕ್ಕೂ ತಾತ ಎಂದೋ ಒಂದು ದಿನ ಗುಲಾಬಿಯನ್ನೂ ಚಿಟಿಕೆಯನ್ನೂ ಕಳಿಸಿದ್ದ.

ಮುಂದಿನ ಸಲ ಹೋದಾಗ ಬಾಣಗಳ ಹಾಳೆ ಮೇಜಿನ ಮೇಲೆ ಹಿಡಿಸುತ್ತಿರಲಿಲ್ಲ. ಹಾಳೆಗೆ ಹಾಳೆ ಅಂಟಿಸಿ ಬಾಗಿಲಿನಿಂದಾಚೆ, ಕಾರಿಡಾರಿನುದ್ದಕ್ಕೂ, ಲಿಫ್ಟಿನವರೆಗೆ ಹಾಸಿದ್ದರು. ಲಿಫ್ಟು ಕೆಳಗಿಳಿದಾಗ ಒಂದಷ್ಟು ಬಾಣ ಅದರ ಜೊತೆ ನೆಲಮಹಡಿಗೂ ಹೋಗಿಬಂದವು. “ಇದು ಈಗ ಒಬ್ಬ ವ್ಯಕ್ತಿ ಅಲ್ಲಮ್ಮಾ, ಜಾಲ,” ಎಂದು ಅಧಿಕಾರಿ ಬೇಸರದಿಂದ ಹೇಳಿದ. ಅವಳು ಕಾರಿಡಾರಿನಲ್ಲೇ ನಿಂತು, ದಯವಿಟ್ಟು ನಿಲ್ಲಿಸಿ, ನನ್ನ ಕೋಣೆ ಕೈತಪ್ಪುತ್ತದೆ ಎಂದು ಗುಂಪಿಗೆ ಬರೆದಳು. ಅವರಿಗೆ ತಪ್ಪಿನ ಅರಿವಾಯಿತು. ನಾಲ್ಕು ಸಾವಿರ ಜನವೂ ಕ್ಷಮೆ ಕೇಳಿ ಮತ್ತೊಂದೊಂದು ಚಿಟಿಕೆ ಹಾಕಿದರು.

ಐದನೇ ತಿಂಗಳಲ್ಲಿ ಜಲಸಂಧಿಯ ಜಗಳ ಮುಗಿಯಿತು. ಎರಡೂ ದೇಶದವರಿಗೆ ಎಣ್ಣೆ ಬೇಕಾಗಿತ್ತು, ಕೈಕುಲುಕಿದರು. ಪಟ್ಟಿಯಿಂದ ಗುಲಾಬಿ ತಾತನ ಹೆಸರು ಹೋಯಿತು. ಪಟ್ಟಿ ಹೊರಡಿಸಿದ ದೇಶದವರೇ ಅವನ ದುಡ್ಡನ್ನು ಬಡ್ಡಿ ಸಮೇತ ಹಿಂದಿರುಗಿಸಿ, ‘ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ’ ಎಂದು ದಪ್ಪ ಕಾಗದದಲ್ಲಿ ಪತ್ರ ಬರೆದರು. ಹಲ್ಲಕ್ಕನ ದೇಶದ ಸರ್ಕಾರವೂ ಒಂದು ಬರೆಯಿತು, ಸ್ನೇಹಿತ ಬರೆದಿದ್ದಾನೆಂದು.

ಅವಳು ಕೈತೊಳೆಯದೆ, ಉಗುರಿನಲ್ಲಿ ಪ್ಲಾಸ್ಟರ್ ಇಟ್ಟುಕೊಂಡೇ ಕಚೇರಿಗೆ ಓಡಿದಳು. ಅಧಿಕಾರಿ ಕಂಪ್ಯೂಟರು ನೋಡಿ ತಲೆ ಅಲ್ಲಾಡಿಸಿದ.

“ನಿಮ್ಮ ಬೀಗ ಬಿದ್ದಿದ್ದು ಅವರ ಫೈಲಿನ ಕೆಳಗೆ. ಆ ಫೈಲು ಈಗ ಇಲ್ಲ. ಇಲ್ಲದ ಫೈಲಿನ ಮೇಲೆ ಬೀಗ ತೆಗೀರಿ ಅಂತ ಬರೆಯೋಕಾಗುತ್ತೇನಮ್ಮಾ?”

“ಹಾಗಾದ್ರೆ ಬೀಗ ಯಾವುದರ ಮೇಲಿದೆ ಸಾರ್?”

ಅವನು ಕಂಪ್ಯೂಟರನ್ನು ಇನ್ನೊಮ್ಮೆ ನೋಡಿ, “ನಿಮ್ಮ ಮೇಲೆ,” ಎಂದ.

ಸಿಟ್ಟು ಬಂದರೆ ಹಲ್ಲಕ್ಕ ಹಲ್ಲು ಕಡಿಯುವವಳಲ್ಲ. ಕಡಿದರೆ ಎಷ್ಟು ಸವೆಯುತ್ತದೆಂದು ಕಸುಬಿನವರಿಗೆ ಗೊತ್ತಿರುತ್ತದೆ. ಆ ದಿನ ಕಡಿದಳು. ಕ್ಷಿಪಣಿ ಮಾರಿದವನಿಗೆ ದಪ್ಪ ಕಾಗದ, ಅವನ ಗುಲಾಬಿ ನೋಡಿದವಳಿಗೆ ಬೀಗ. ಅವನು ಶತ್ರುವಾದಾಗಲೂ ಅವಳನ್ನು ಕೇಳಿರಲಿಲ್ಲ, ಮಿತ್ರನಾದಾಗಲೂ ಕೇಳಲಿಲ್ಲ. ಎರಡು ಸಲವೂ ತೆತ್ತವಳು ಅವಳು. ಒಂದು ದಾರಿ ಇದೆ ಎಂದ ಅಧಿಕಾರಿ. ಈಗ ಅವರು ಒಳ್ಳೆಯವರಾಗಿರುವುದರಿಂದ ಅವರ ಸಹಿಗೆ ಬೆಲೆ ಇದೆ. ಉಡುಗೊರೆ ಎಂದು ಬರೆದು ಸಹಿ ಹಾಕಿಸಿಕೊಂಡು ಬಂದರೆ ಅದೇ ಗಳಿಗೆಯಲ್ಲಿ ಬೀಗ ತೆಗೆಯುತ್ತೇನೆ ಎಂದ. ಆದರೆ ತಾತ ಗುಂಪು ಬಿಟ್ಟುಹೋಗಿದ್ದ. ಅವಳು ಅವನ ಫೋನಿಗೆ ಬರೆದ ಹತ್ತೊಂಬತ್ತು ಸಂದೇಶಕ್ಕೆ ಅವನ ಕಡೆಯಿಂದ ಒಂದು ಎಸಳೂ ಬರಲಿಲ್ಲ.

ಮೇಷ್ಟ್ರ ಆರು ತಿಂಗಳ ಕೊನೆಯ ದಿನ ಬಂತು. ಮೊಬೈಲ್ ಕವರಿನವನು ಮಧ್ಯಾಹ್ನವೇ ಬಂದು ದವಡೆಗಳ ಹಿಂದೆ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಐದು ಗಂಟೆಗೆ ಮುಂಗಡ ಕೊಡುವುದೆಂದು ಮಾತಾಗಿತ್ತು. ಎದುರು ಬೀದಿಯಲ್ಲಿ ಅದೇ ದಿನ ಒಂದು ಉದ್ಘಾಟನೆ: ಹಲ್ಲಕ್ಕನ ದುಡ್ಡಿಗೆ ಬೀಗ ಹಾಕಿದ ಅದೇ ವಿನಿಮಯ ಕಂಪನಿಯ ಹೊಸ ಶಾಖೆ. ರಿಬ್ಬನ್ ಕತ್ತರಿಸಲು ಮಂತ್ರಿ. ಪಕ್ಕದಲ್ಲಿ ಕಂಪನಿಯ ಹೊಸ ಪಾಲುದಾರ. ಯಾರೆಂದು ಕೇಳಬೇಕಾಗಿಲ್ಲ. ಹತ್ತಡಿ ಎತ್ತರದ ಫೋಟೋದಲ್ಲಿ ಅಂಗಿಗೊಂದು ಗುಲಾಬಿ ಸಿಕ್ಕಿಸಿಕೊಂಡು ನಗುತ್ತಿದ್ದ. ಹಲ್ಲಕ್ಕ ಅರ್ಜಿ ಹಿಡಿದು ಮೂರು ಸಲ ಹೋದಳು, ಮೂರು ಸಲವೂ ಕಾವಲಿನವರು ಹಿಂದಕ್ಕೆ ಕಳಿಸಿದರು.

ನಾಲ್ಕೂಕಾಲಿಗೆ ಫೋಟೋದವರು ತಾತನಿಗೆ ಸ್ಮರಣಿಕೆಯ ಒಂದು ಹಿತ್ತಾಳೆ ನಾಣ್ಯ ಕೊಟ್ಟು, ಗೆದ್ದ ಆಟಗಾರರ ಹಾಗೆ ಕಚ್ಚಿ ಎಂದರು. ತಾತ ಕಚ್ಚಿದ. ಜೀವಮಾನದಲ್ಲಿ ಅವನು ಕೈಯಲ್ಲಿ ಮುಟ್ಟಿದ ಮೊದಲ ನಾಣ್ಯ ಅದು, ಎಷ್ಟು ಗಟ್ಟಿ ಇರುತ್ತದೆಂದು ಅಂದಾಜಿರಲಿಲ್ಲ. ಮುಂದಿನ ನಾಲ್ಕು ಕಟ್ಟುಹಲ್ಲು ಒಟ್ಟಿಗೆ ಮುರಿದವು. ಮಂತ್ರಿಯ ಜೊತೆಗಿನ ಫೋಟೋ ಐದಕ್ಕೆ. ಕಣ್ಣಿಗೆ ಬಿದ್ದ ಮೊದಲ ದಂತವೈದ್ಯರ ಬೋರ್ಡಿನ ಕೆಳಗೆ ಅವನನ್ನು ತಂದು ಕೂರಿಸಿದರು.

ಡಾಕ್ಟರಮ್ಮ ಬಾಯಿ ನೋಡಿ, ತಾತ್ಕಾಲಿಕ ಹಲ್ಲು ಮಾಡಬಹುದು, ಅಚ್ಚು ತೆಗೆಯಬೇಕು ಎಂದಳು. ಒಳಗಿನ ಕುರ್ಚಿಯಲ್ಲಿ ಇನ್ನೊಬ್ಬರ ದವಡೆ ಅರ್ಧ ತೆರೆದಿತ್ತು, ಹಾಗಾಗಿ ಹಲ್ಲಕ್ಕನನ್ನು ಕರೆದಳು. ಹಲ್ಲಕ್ಕ ಗುಲಾಬಿ ಬಣ್ಣದ ಹಿಟ್ಟನ್ನು ನೀರಲ್ಲಿ ಕಲಸಿ, ಟ್ರೇಗೆ ತುಂಬಿ, ತಾತನ ಮೇಲಿನ ದವಡೆಗೆ ಒತ್ತಿದಳು. ಟ್ರೇಯ ಹಿಡಿಕೆ ತುಟಿಯಿಂದಾಚೆ ಚಾಚಿಕೊಂಡಿತು.

“ಮೂರು ನಿಮಿಷ. ಮಾತಾಡ್ಬೇಡಿ, ಅಲುಗಾಡಿದ್ರೆ ಅಚ್ಚು ಕೆಡುತ್ತೆ,” ಎಂದಳು. ಆಮೇಲೆ, “ನಾನು ಹಲ್ಲಕ್ಕ,” ಎಂದಳು.

ತಾತನ ಕಣ್ಣು ಅಗಲವಾದವು. ಅವಳು ಎರಡು ಬೆರಳಲ್ಲಿ ಟ್ರೇ ಒತ್ತಿ ಹಿಡಿದು ಬೀಗ, ಬಾಣ, ಚೌಕ, ಲಿಫ್ಟು ಎಲ್ಲವನ್ನೂ ಒಂದೂ ಬಿಡದೆ, ದನಿ ಏರಿಸದೆ ಹೇಳಿದಳು. ಜಲಸಂಧಿ ಎಲ್ಲಿದೆ ಎಂದು ನನಗೆ ಗೊತ್ತಿಲ್ಲ, ನನ್ನ ಕೋಣೆ ಎಲ್ಲಿದೆ ಎಂದು ಗೊತ್ತು, ಆ ಗೋಡೆಯಾಚೆ ಒಬ್ಬ ಅದನ್ನು ಅಳೆಯುತ್ತಿದ್ದಾನೆ ಎಂದಳು. ಜೇಬಿನಿಂದ ಅರ್ಜಿ ತೆಗೆದು ಅವನ ಎದೆಯ ಮೇಲಿನ ಪ್ಲಾಸ್ಟಿಕ್ಕಿನ ಮೇಲಿಟ್ಟು ಪೆನ್ನು ಕೊಟ್ಟಳು. ಪುಣ್ಯಕ್ಕೆ ಅವನು ತೆಗೆದುಕೊಂಡ. ಉಡುಗೊರೆ ಎಂಬ ಚೌಕಕ್ಕೆ ಗೆರೆ ಎಳೆದ. ಸಹಿಯ ಜಾಗದಲ್ಲಿ ಮೊದಲ ಅಕ್ಷರವನ್ನೂ ಬರೆದ.

ಆಗ ಕರಿ ಕೋಟಿನವನೊಬ್ಬ ಬಾಗಿಲಲ್ಲಿ ಕಾಣಿಸಿಕೊಂಡು, ಮಂತ್ರಿಗಳು ಈಗಲೇ ಹೊರಡುತ್ತಿದ್ದಾರಂತೆ ಎಂದ. ತಾತ ಎದ್ದ. ಟ್ರೇ ಎಳೆದ, ಬರಲಿಲ್ಲ. ಅಂಚಿಗೆ ಬೆರಳಿಟ್ಟು ಒಳಗೆ ಗಾಳಿ ಬಿಟ್ಟರೆ ಬರುತ್ತದೆಂದು ಹಲ್ಲಕ್ಕನಿಗೆ ಗೊತ್ತಿತ್ತು. ಅವಳ ಬೆರಳು ಅರ್ಜಿಯ ಮೇಲಿತ್ತು. ಅವನು ಹಿಡಿಕೆಯ ಸಮೇತ ಬಾಯಿ ಮುಚ್ಚಲು ನೋಡುತ್ತ, ಕಾಯುವವರ ಬೆಂಚುಗಳ ನಡುವೆ ಹಾದು ಮೆಟ್ಟಿಲ ಕಡೆಗೆ ನಡೆದ. ಅವಳು ಹಿಂದೆಯೇ ನಡೆದಳು.

“ಸಾರ್, ಮೊದಲಕ್ಷರ ಆಗ್ಲೇ ಬಿದ್ದಿದೆ. ಇನ್ನು ಎರಡೇ ಅಕ್ಷರ, ಕೂರೋದೂ ಬೇಡ, ನಿಂತ್ಕೊಂಡೇ ಹಾಕ್ಬಹುದು. ಕಾಗದ ಗೋಡೆಗೊತ್ತಿ ನಾನು ಹಿಡ್ಕೋತೀನಿ, ನೀವು ಬರೀ ಪೆನ್ನು ಓಡಿಸಿದ್ರೆ ಸಾಕು ಸಾರ್.”