ಮೂಲೆಯಿಂದ ಮೂಲೆಗೆ

ಮಾತಾಡಬಾರದವರು ಸೇರಿ ಮನೆ ಕಟ್ಟುವುದೆಂದರೆ ಹುಡುಗಾಟವಲ್ಲ. ಕೇಲೆರಾ ಮತ್ತು ಅವಳ ಅಣ್ಣ ಇಸಿಮೇಲಿ ಮೂರು ವಾರದಿಂದ ಅದನ್ನೇ ಮಾಡುತ್ತಿದ್ದರು. ಜಗಳ ಗಿಗಳ ಏನೂ ಇಲ್ಲ. ಫಿಜಿಯ ಕಂದಾವು ದ್ವೀಪದಲ್ಲಿ, ನಮ್ಮ ಕಡೆ, ಅಣ್ಣ ತಂಗಿ ದೊಡ್ಡವರಾದ ಮೇಲೆ ಮುಖ ಕೊಟ್ಟು ಮಾತಾಡುವುದಿಲ್ಲ. ಅದು ಮರ್ಯಾದೆ. ಮಾತು ಕಡಿಮೆಯಿದ್ದರೆ ಅಕ್ಕರೆ ಕೆಡುವುದಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಹೇಳಿದವರು ಎಂದೂ ಮನೆ ಕಟ್ಟಿರಲಿಕ್ಕಿಲ್ಲ. ಐವತ್ತು ವರ್ಷದಿಂದ ಕೇಲೆರಾ ಅಣ್ಣನನ್ನು ಉಪ್ಪು ಬೇಕೇ ಎಂದು ಸಹ ಕೇಳಿಲ್ಲ. ಬೇಕೆಂದು ಅವಳಿಗೆ ಹೇಗೋ ಗೊತ್ತಾಗುತ್ತದೆ, ಯಾರ ಕೈಯಲ್ಲಾದರೂ ಕಳಿಸುತ್ತಾಳೆ.

ಇಬ್ಬರ ನಡುವೆ ಮಾತು ಸಾಗಿಸಲು ಸೋದರತ್ತೆಯ ಮಗ ಕಿತಿಯೋನೆ ಇದ್ದ. ಸೋದರತ್ತೆಯ ಮಗ ಎಂದರೆ ಭಾವ, ಭಾವ ಎಂದರೆ ಬಾಯಿಗೆ ಬೀಗವಿಲ್ಲದವನು. ಅಣ್ಣ ತಂಗಿಯಿಂದ ಕಿತ್ತುಕೊಂಡ ಮಾತನ್ನೆಲ್ಲ ನಮ್ಮ ಪದ್ಧತಿ ಭಾವಂದಿರಿಗೆ ಧಾರೆ ಎರೆದುಬಿಟ್ಟಿದೆ. ಅವರು ಬೈಯಬಹುದು, ಅಣಕಿಸಬಹುದು, ಸುಳ್ಳು ಹೇಳಬಹುದು. ಕೇಳಿಸಿಕೊಂಡವನು ಮುಖ ಗಂಟಿಕ್ಕಿದರೆ ತಪ್ಪು ಅವನದೇ. ಒಮ್ಮೆ ಕಿತಿಯೋನೆ, ಇಸಿಮೇಲಿ ಸತ್ತುಹೋದ ಎಂದು ಪಕ್ಕದ ಹಳ್ಳಿಗೆ ಸುದ್ದಿ ಮುಟ್ಟಿಸಿದ್ದ. ಅಲ್ಲಿಯವರು ಸಾವಿನ ಮನೆಗೆ ಕೊಡುವ ಚಾಪೆ ಹೊತ್ತುಕೊಂಡು ಅಳುತ್ತ ಬಂದರೆ, ಸತ್ತವನು ಜಗುಲಿಯಲ್ಲಿ ಕೂತು ಮರಗೆಣಸು ಸುಲಿಯುತ್ತಿದ್ದ. ಅವತ್ತು ಎಲ್ಲರಿಗಿಂತ ಹೆಚ್ಚು ನಕ್ಕವನು ಇಸಿಮೇಲಿಯೇ.

ಈಗ ಅವನಿಗೆ ಅರವತ್ತೆಂಟು. ಹಳ್ಳಿಯ ಅರ್ಧಕ್ಕರ್ಧ ಮನೆ ಅವನ ಕೈಯವು. ಆದರೆ ಹೋದ ವರ್ಷ ಪಾದ್ರಿಯ ಮನೆಗೆ ಅವನು ಕೂರಿಸಿದ ಬಾಗಿಲು ಮುಚ್ಚಲೇ ಇಲ್ಲ. ಬಾಗಿಲು ಹಾಕಬೇಕಾದರೆ ಹೊರಗಿನಿಂದ ಇಸಿಮೇಲಿ ತಾತನನ್ನೇ ಒತ್ತಿ ನಿಲ್ಲಿಸಬೇಕು ಎಂದು ಪಡ್ಡೆಗಳು ನಕ್ಕರು. ಪಡ್ಡೆಗಳೇನು ಭಾವಂದಿರಲ್ಲ, ಅವರ ನಗು ಒಳಗೆ ಇಳಿಯಿತು. ಅವನು ಉಪಕರಣದ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದ. ವರ್ಷವಿಡೀ ಕಡಲ ಕಡೆ ಮುಖ ಮಾಡಿ ಕೂತ. ಊಟ ಅರ್ಧಕ್ಕೆ ಇಳಿಯಿತು. ಚಂಡಮಾರುತ ಬಂದು ವಿಧವೆ ತಂಗಿಯ ಮನೆಯನ್ನು ಬುಡಸಮೇತ ಎತ್ತಿಕೊಂಡು ಹೋದ ಮೇಲೆಯೇ ಆ ಪೆಟ್ಟಿಗೆ ಹೊರಗೆ ಬಂದದ್ದು. ಅದು ಮತ್ತೆ ಮಂಚದ ಕೆಳಗೆ ಹೋಗಬಾರದು. ಕೇಲೆರಾಳಿಗೆ ಬೇಕಿದ್ದದ್ದು ಅಷ್ಟೇ, ಮನೆ ಆಮೇಲಿನ ಮಾತು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ನಾಲ್ಕು ತೊಲೆಗಳು ಮೋಟುಕಂಬಗಳ ಮೇಲೆ ಕೂತವು. ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಮೂಲೆಗೊಂದೇ ಮೊಳೆ. ಮರುದಿನ ಬೆಳಿಗ್ಗೆ ಊರಿನವರು ಬಂದು ನೆಲದ ಹಲಗೆ ಹೊಡೆಯುವವರಿದ್ದರು. ಹಲಗೆ ಬಿದ್ದ ಮೇಲೆ ಚೌಕಟ್ಟು ಸೊಟ್ಟಗಿದ್ದರೆ ಸೊಟ್ಟಗೇ ಇರಬೇಕು, ದೇವರು ಬಂದರೂ ನೆಟ್ಟಗಾಗದು. ನೆಟ್ಟಗಿದೆಯೇ ಎಂದು ತಿಳಿಯುವ ದಾರಿ ಒಂದೇ: ಮೂಲೆಯಿಂದ ಎದುರು ಮೂಲೆಗೆ ಅಳೆಯಬೇಕು, ಆಮೇಲೆ ಉಳಿದೆರಡು ಮೂಲೆಗಳ ನಡುವೆ ಅಳೆಯಬೇಕು. ಎರಡೂ ಒಂದೇ ಬಂದರೆ ಮನೆ ಸರಿ. ಇಸಿಮೇಲಿ ಟೇಪಿನ ಒಂದು ತುದಿ ಹಿಡಿದ, ಕಿತಿಯೋನೆ ಇನ್ನೊಂದು ತುದಿಯಲ್ಲಿ ಓದಿದ.

"ಈ ಕಡೆ ಇಪ್ಪತ್ತೊಂದು ಅಡಿ ಹತ್ತಿಂಚು," ಎಂದ ಕಿತಿಯೋನೆ. ಆಮೇಲೆ ಮೂಲೆ ಬದಲಿಸಿ, "ಈ ಕಡೆ ಇಪ್ಪತ್ತೊಂದು ಅಡಿ ಐದಿಂಚು. ಭಾವ, ಇದು ಮನೆಯಲ್ಲ, ಗಾಳಿಪಟ! ಒಂದು ಬಾಲ ಕಟ್ಬಿಡು, ಮುಂದಿನ ಗಾಳಿಗೆ ಕೇಲೆರಾ ಸುಖವಾಗಿ ಹಾರ್ಕೊಂಡು ಹೋಗ್ತಾಳೆ."

"ಮೊದ್ಲು ನಿನ್ನ ಹಲ್ಲು ನೋಡ್ಕೋ. ಅದಕ್ಕಿಂತ ನೆಟ್ಟಗಿದೆ."

"ದೇವರಾಣೆ ಐದಿಂಚು ಸೊಟ್ಟ ಕಣೋ!"

"ನಾನು ಸತ್ತೆ ಅಂತ ಹೇಳಿದಾಗ್ಲೂ ದೇವರಾಣೆ ಇಟ್ಟಿದ್ದೆ ನೀನು."

ಇಸಿಮೇಲಿ ನಗುತ್ತ ಬಂದು ಟೇಪನ್ನು ಮೂಗಿನ ಹತ್ತಿರ ಹಿಡಿದ, ಅಂಕಿ ಓದಿದವನಂತೆ ತಲೆಯಾಡಿಸಿದ, ಸರಿಯಾಗಿದೆ ಎಂದ. ಒಲೆಯ ಹತ್ತಿರ ಕೂತಿದ್ದ ಕೇಲೆರಾ ಆ ತಲೆಯಾಟವನ್ನು ನೋಡಿದಳು. ಅವನ ಕಣ್ಣಿಗೆ ಪೊರೆ ಬಂದಿದೆ ಎಂಬುದು ಅವಳಿಗೆ ಆ ಕ್ಷಣ ಖಾತ್ರಿಯಾಯಿತು.

ಕಿತಿಯೋನೆ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. "ಕೇಲೆರಾ, ಈ ಸಲ ತಮಾಷೆ ಅಲ್ಲ ಕಣೇ."

"ಗೊತ್ತು. ನಿನ್ನ ಮುಖದಲ್ಲಿ ನಗು ಇಲ್ಲ."

"ನನ್ನ ಮಾತು ಅವನು ನಂಬಲ್ಲ. ನೀನು ಹೇಳೋ ಹಾಗಿಲ್ಲ. ಪಾದ್ರಿ ಕೈಲಿ ಹೇಳಿಸ್ಲಾ?"

"ಊರಿಗೆಲ್ಲ ಡಂಗುರ ಹೊಡೆದ ಹಾಗಾಗುತ್ತೆ. ಅಣ್ಣ ಇನ್ನೊಂದ್ಸಲ ಪೆಟ್ಟಿಗೆ ಮುಚ್ಚಿದ್ರೆ ಮತ್ತೆ ತೆಗೆಯಲ್ಲ ಭಾವ. ಹಂಗೇ ಕೂತು ಕೂತು ಹೋಗ್ಬಿಡ್ತಾನೆ."

"ಹಂಗಾದ್ರೆ ಸೊಟ್ಟ ಮನೇಲೇ ಇರ್ತೀಯಾ?"

"ನಾನು ಇರ್ತೀನಿ. ಆದ್ರೆ ನಾಳೆ ಆ ಹುಡುಗ್ರು ಮೊದಲ್ನೇ ಹಲಗೆಗೇ ಕಂಡುಹಿಡೀತಾರೆ, ನಗ್ತಾರೆ. ನೀನು ಮೀನಿಗೆ ಹೋಗು. ನೀನಿಲ್ಲಿದ್ರೆ ಆಗೋ ಕೆಲಸಾನೂ ಆಗಲ್ಲ."

ಅವನು ಗೊಣಗುತ್ತ ದೋಣಿಯ ಕಡೆ ಹೋದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೇಲೆರಾ ಬೂದಿಯಲ್ಲಿ ಕಡ್ಡಿಯಾಡಿಸುತ್ತ ಯೋಚಿಸಿದಳು. ನಲವತ್ತು ವರ್ಷ ಚಾಪೆ ಹೆಣೆದವಳು ಅವಳು. ಚಾಪೆಯ ಮೂಲೆ ಸರಿಯಿದೆಯೇ ಎಂದು ನೋಡಲು ಯಾವ ಹೆಂಗಸೂ ಟೇಪು ಕೇಳುವುದಿಲ್ಲ. ಒಂದು ಎಳೆಯನ್ನು ಮೂಲೆಯಿಂದ ಮೂಲೆಗೆ ಹಿಡಿದು, ಆ ಎಳೆಯನ್ನೇ ಉಳಿದೆರಡು ಮೂಲೆಗೂ ಹಿಡಿಯುತ್ತಾಳೆ. ಅಂಕಿ ಬೇಡ, ಕಣ್ಣೂ ಅಷ್ಟಾಗಿ ಬೇಡ. ಬೆರಳು ಸಾಕು.

ಅವಳು ದೋಣಿ ಕಟ್ಟುವ ನಾರಿನ ಹಗ್ಗ ತಂದಳು. ಆಚೆ ತುದಿಯ ಮೂಲೆಗೆ ಹೋಗಿ, ಅಣ್ಣನಿಗೆ ಅರ್ಧ ಬೆನ್ನು ಹಾಕಿ ನೆಲಕ್ಕೆ ಕೂತು, ಹಗ್ಗದ ತುದಿಯನ್ನು ತೊಲೆಯ ಮೂಲೆಗೆ ಒತ್ತಿ ಹಿಡಿದಳು. ಉಳಿದ ಹಗ್ಗವನ್ನು ಅವನತ್ತ ಎಸೆದಳು. ಹಗ್ಗ ಎಸೆಯುವುದು ಮಾತಲ್ಲವಲ್ಲ! ಅದರ ಬಗ್ಗೆ ಹಿರಿಯರು ಏನೂ ಹೇಳಿಲ್ಲ.

ಉಳಿ ಮಸೆಯುತ್ತಿದ್ದ ಸದ್ದು ನಿಂತಿತು. ಹಗ್ಗ ನೆಲದ ಮೇಲೇ ಬಿದ್ದಿತ್ತು. ತಂಗಿಯಾದವಳು ತನ್ನ ಕೆಲಸ ಅನುಮಾನಿಸುತ್ತಿದ್ದಾಳೆ ಎಂದು ಅವನಿಗೆ ನೋವಾದರೆ? ಅಷ್ಟರಲ್ಲಿ ಹಗ್ಗ ನೆಲ ಬಿಟ್ಟು ಎದ್ದಿತು, ಬಿಗಿಯಾಯಿತು. ಆ ಕಡೆಯ ಮೂಲೆಯಲ್ಲಿ ಅವನು ನಿಂತಿದ್ದ. ಅವನ ಕೈಯ ಎಳೆತ ಹಗ್ಗದುದ್ದಕ್ಕೂ ಬಂದು ಅವಳ ಬೆರಳಿಗೆ ತಾಕಿತು. ಚಿಕ್ಕಂದಿನಲ್ಲಿ ಬಂಡೆಯ ಮೇಲಿಂದ ಕಡಲಿಗೆ ಹಾರುವಾಗ ಹಿಡಿದಿದ್ದ ಕೈ ಅದು.

ಅವನು ಮೂಲೆ ಬಂದ ಜಾಗದಲ್ಲಿ ಹಗ್ಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಹಿಡಿದುಕೊಂಡ. ಅವಳು ಎದ್ದು ಪಕ್ಕದ ಮೂಲೆಗೆ ಹೋದಳು, ಅವನು ಅದರ ಎದುರಿನ ಮೂಲೆಗೆ ಹೋದ. ಹಗ್ಗ ಬಿಗಿಯಾಯಿತು, ಸಡಿಲವಾಯಿತು, ಮತ್ತೆ ಬಿಗಿಯಾಯಿತು. ಅವನ ಹೆಬ್ಬೆರಳು ಮೂಲೆ ದಾಟಿ ಒಂದು ಅಂಗೈಯಗಲ ಹೊರಗೆ ನಿಂತಿತ್ತು. ಅವನು ಹಿಂದಿನ ಮೂಲೆಗೆ ಹೋಗಿ ಇನ್ನೊಮ್ಮೆ ಹಿಡಿದ. ಅವಳೂ ಹೋದಳು. ಹೀಗೆ ನಾಲ್ಕು ಸಲ. ಭಾವ ತಮಾಷೆ ಮಾಡಬಹುದು, ಹಗ್ಗ ಮಾಡುವುದಿಲ್ಲ.

ಕೊನೆಗೆ ಅವನು ತೊಲೆಯ ಮೇಲೆ ಕುಸಿದು ಕೂತ. ಆಮೇಲೆ ಎದ್ದು ಪೆಟ್ಟಿಗೆಯ ಕಡೆ ನಡೆದ. ಪೆಟ್ಟಿಗೆಯ ಮುಚ್ಚಳದ ಸದ್ದಾಯಿತು. ಮುಚ್ಚಿಯೇಬಿಟ್ಟ, ನಾನೇ ಮುಚ್ಚಿಸಿದೆ ಎಂದುಕೊಂಡಳು ಕೇಲೆರಾ. ತಿರುಗಿ ನೋಡುವಂತಿಲ್ಲ. ಹೆಜ್ಜೆ ಹತ್ತಿರ ಬಂತು. ಓರೆಗಣ್ಣಿಗೆ ಕಂಡದ್ದು ದೊಡ್ಡ ಸುತ್ತಿಗೆ.

ಹೆಚ್ಚು ಬಂದ ಹಗ್ಗವನ್ನು ಅವನು ಎರಡಾಗಿ ಮಡಿಸಿ, ನಡುವಿಗೆ ಗಂಟು ಹಾಕಿದ. ಎರಡು ಕಡೆಯೂ ಬಂದು ಸೇರಬೇಕಾದ ಜಾಗ ಅದು. ನಂತರ ಮರಗೆಣಸಿನ ಸಿಪ್ಪೆ ಕೆದಕುತ್ತಿದ್ದ ಹುಂಜದ ಕಡೆ ತಿರುಗಿ ಗಂಭೀರವಾಗಿ ಹೇಳಿದ: "ಲೇ ಹುಂಜ, ಉದ್ದ ಬಂದ ಎರಡು ಮೂಲೆಗೂ ಸೇರಿಸಿ ಹಗ್ಗ ಕಟ್ಟಿದ್ರೆ ಚೆನ್ನಾಗಿತ್ತು. ನಡುವೆ ಒಂದು ಕೋಲು ತೂರಿಸಿ ತಿರುಚ್ಬೇಕು."

ಹುಂಜ ಕಿವಿಗೊಡಲಿಲ್ಲ. ಕೇಲೆರಾ ಹಗ್ಗವನ್ನು ಇಮ್ಮಡಿ ಮಾಡಿ ಕಟ್ಟಿ, ಸೌದೆಯ ಕೋಲೊಂದನ್ನು ತೂರಿಸಿ ತಿರುಚತೊಡಗಿದಳು. ಹಗ್ಗ ನರಳಿತು. ಇಸಿಮೇಲಿ ಮೂಲೆಗೆ ಸುತ್ತಿಗೆಯಿಂದ ಒಂದು ಕೊಟ್ಟ. ತೊಲೆ ಮೋಟುಕಂಬದ ಮೇಲೆ ಕಿರ್ ಎಂದು ಸರಿಯಿತು.

"ಇನ್ನೊಂದು ಸುತ್ತು, ಹುಂಜ."

ಅವಳು ಸುತ್ತಿದಳು. ಅಂಗೈ ಉರಿಯಿತು.

"ಸಾಕು, ಸಾಕು! ಬಂಗಾರದಂಥ ಹುಂಜ."

ಕೇಲೆರಾ ಸೆರಗಿಲ್ಲದ್ದಕ್ಕೆ ತೋಳಿಗೇ ಬಾಯಿ ಒತ್ತಿ ನಗು ತಡೆದಳು. ಹಗ್ಗ ಬಿಚ್ಚಿ ಮತ್ತೆ ಎರಡು ಕಡೆಯೂ ಹಿಡಿದರು. ಗಂಟು ಆ ಮೂಲೆಗೂ ಸರಿಯಾಗಿ ಕೂತಿತು, ಈ ಮೂಲೆಗೂ ಕೂತಿತು. ಅವನು ಓರೆಯಾಗಿ ಒಂದು ಮರದ ಪಟ್ಟಿ ಹೊಡೆದು ಚೌಕಟ್ಟು ಅಲುಗದಂತೆ ಮಾಡಿ, ಮನೆಗೆ ಹೋದ.

ಬೆಳಿಗ್ಗೆ ಹನ್ನೊಂದು ಜನ ಹಲಗೆ ಹೊತ್ತು ಬಂದರು. ಕಿತಿಯೋನೆ ಯಾರಿಗಿಂತಲೂ ಮೊದಲು ಟೇಪು ಹಿಡಿದು ಓಡಿ, ಇಬ್ಬರು ಪಡ್ಡೆಗಳ ಎದುರೇ ಅಳೆದ. ಇಪ್ಪತ್ತೊಂದು ಅಡಿ ಏಳೂವರೆ. ಇನ್ನೊಂದು ಕಡೆಯೂ ಏಳೂವರೆ. ನಿಂಬೆ ಎಲೆಯ ಚಹಾ ಸುರಿಯುತ್ತಿದ್ದ ಕೇಲೆರಾಳ ಅಂಗೈ ಕೆಂಪಗೆ ಸುಲಿದಿದ್ದು ಅವನ ಕಣ್ಣಿಗೆ ಬಿತ್ತು. ಅವನಿಗೆ ಎಲ್ಲ ತಿಳಿಯಿತು.

"ಕೇಳ್ರಪ್ಪೋ," ಎಂದು ಊರಿಗೇ ಕೇಳುವಂತೆ ಕೂಗಿದ. "ನಿನ್ನೆ ಈ ಚೌಕಟ್ಟು ಐದಿಂಚು ಸೊಟ್ಟ ಅಂತ ನಾನು ಸುಳ್ಳು ಹೇಳಿದ್ದೆ. ನಮ್ಮ ಭಾವನ ಕೆಲಸ ನೂರಕ್ಕೆ ನೂರು!"

ಎಲ್ಲರೂ ನಕ್ಕರು. ಇಸಿಮೇಲಿಯೂ ನಕ್ಕು ಸುಮ್ಮನಾಗಬಹುದಿತ್ತು. ತಂಗಿ ಮನಸ್ಸಿನಲ್ಲೇ ಅದನ್ನೇ ಬೇಡಿಕೊಳ್ಳುತ್ತಿದ್ದಳು.

"ಇಲ್ಲ ಭಾವ," ಎಂದ ಇಸಿಮೇಲಿ. "ನಿನ್ನೆ ನೀನು ಹೇಳಿದ್ದು ನಿಜ. ಹುಟ್ಟಿದಾಗಿಂದ ಅದೊಂದೇ ನಿಜ ಹೇಳಿರೋದು, ನಾನು ನಂಬ್ಲಿಲ್ಲ. ಐದಿಂಚು ಸೊಟ್ಟ ಇತ್ತು. ನಂಗೆ ಟೇಪಿನ ಅಂಕಿ ಕಾಣಲ್ಲ ಕಣ್ರಪ್ಪ, ಎರಡು ವರ್ಷ ಆಯ್ತು. ಪಾದ್ರಿ ಮನೆ ಬಾಗಿಲು ಕೆಟ್ಟಿದ್ದೂ ಅದಕ್ಕೇ."

ಯಾರೂ ನಗಲಿಲ್ಲ. ಪಡ್ಡೆಗಳಲ್ಲಿ ಒಬ್ಬ ತಲೆ ತಗ್ಗಿಸಿದ.

"ನಿನ್ನೆ ನನ್ನ ತಂಗಿ ಹಗ್ಗ ಹಿಡಿದಳು. ಅದಕ್ಕೇ ನೆಟ್ಟಗಾಯ್ತು," ಎಂದು ಅವನು ಗಂಡಸರ ಕಡೆ ಮುಖ ಮಾಡಿ, ಒಲೆಯ ತನಕ ಕೇಳುವಂತೆ ಹೇಳಿದ. ಆಮೇಲೆ ಟೇಪನ್ನು ಕಿತಿಯೋನೆಯ ಎದೆಗೆ ಒತ್ತಿದ. "ಸೋಮವಾರ, ಗಾಳಿಗೆ ಬಿದ್ದ ತೋರಿಕಾ ಅಜ್ಜಿ ಮನೆ ಚೌಕಟ್ಟು ಶುರು ಮಾಡ್ತೀನಿ. ಅಂಕಿ ನೀನು ಓದು. ನಂಬೋದು ಬಿಡೋದು ನನಗೆ ಸೇರಿದ್ದು, ಹಗ್ಗ ಹಿಡಿಯೋರು ಹೇಗೂ ಇದಾರೆ."

ಕೇಲೆರಾ ತಿರುಗಿ ನೋಡಲಿಲ್ಲ. ಕಣ್ಣು ತುಂಬಿ ಬಂದು ಕೆಟಲ್ಲು ಮಸುಕಾಗಿ ಕಂಡಿತು. ಒಂದು ಲೋಟ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿ, ಕಲಕಿ, ಅಣ್ಣನಿಗೆ ಕೊಡು ಎಂದು ಕಿತಿಯೋನೆಯ ಕೈಗಿಟ್ಟಳು.