ತೊಟ್ಟಿಲಿಗೆ ಬಂದ ಇರುವೆಸಾಲು

ನಂಜುಂಡಯ್ಯನವರು ತೊಟ್ಟಿಲ ಕೆಳಗೆ ಅರಿಶಿನದ ಗೆರೆ ಎಳೆದಿದ್ದು ಅದು ಮೂರನೆಯ ಸಲ. ಮೊದಲ ಸಲ ಇರುವೆಗಳು ಗೆರೆಯ ಮುಂದೆ ನಿಂತು, ಮೀಸೆಯಾಡಿಸಿ, ಹಿಂದಕ್ಕೆ ಹೋಗಿದ್ದವು. ಎರಡನೆಯ ಸಲ ಗೆರೆಯ ಪಕ್ಕದಲ್ಲೇ ನಡೆದು, ಅದು ಮುಗಿದಲ್ಲಿ ಬಳಸಿಕೊಂಡು ಬಂದಿದ್ದವು. ಈ ಸಲ ಅವರು ಸುತ್ತಲೂ ಎಳೆದು, ಸೊಂಟ ನೆಟ್ಟಗೆ ಮಾಡಿಕೊಂಡು ಮೇಲೆ ನೋಡಿದರೆ, ಸಾಲು ತೊಲೆಯಿಂದ ತೊಟ್ಟಿಲ ಹಗ್ಗ ಹಿಡಿದು ಇಳಿಯುತ್ತಿತ್ತು.

ಹುಲಿಕೆರೆಯ ಆ ಮನೆಯ ಒಳಕೋಣೆಯಲ್ಲಿ ಮಗಳು ಹೇಮಾಶ್ರೀ ಬಾಣಂತಿಯಾಗಿ ಕೂತು ಎರಡೂವರೆ ತಿಂಗಳಾಗಿತ್ತು. ಎರಡು ಸಲ ಬಸಿರು ನಿಲ್ಲದೆ, ಮೂರನೆಯದಕ್ಕೆ ಉಳಿದ ಹೆಣ್ಣುಕೂಸು. ಊರಿಗೆ ಬರುವ ನರ್ಸಮ್ಮ ಮೊದಲೇ ಹೇಳಿಹೋಗಿದ್ದರು: ಸ್ಪ್ರೇ, ಇರುವೆ ಚಾಕ್‌ಪೀಸ್, ಯಾವುದನ್ನೂ ಮಗುವಿನ ಹತ್ತಿರ ತರಬಾರದು. ಉಳಿದದ್ದು ಮನೆಮದ್ದು. ಅದಕ್ಕೇನೂ ಬರಗಾಲವಿರಲಿಲ್ಲ.

ಪಕ್ಕದ ಮನೆಯ ಮಾರಮ್ಮ ಬೇಲಿಯ ಆಚೆಯಿಂದಲೇ ಹೇಳಿದಳು. "ಬಜೆ ಪುಡಿ ಹಾಕಿ ಕಣಣ್ಣ. ಬಜೆ ವಾಸ್ನೆಗೆ ಹಾವೇ ಬರಾಕಿಲ್ಲ, ಇರುವೆ ಯಾವ ಲೆಕ್ಕ."

ಬಜೆ ಪುಡಿ ಬಿದ್ದ ಮೇಲೆ ಗಿಡ್ಡಪ್ಪ ಬಂದ. ನಂಜುಂಡಯ್ಯನವರ ಜೊತೆಯಲ್ಲೇ ಶಾಲೆ ಬಿಟ್ಟವನು. ಕೋಣೆಯ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡ.

"ಏನ್ಲಾ ನಂಜುಂಡಿ, ಬಾಣಂತಿ ಕೋಣೆನೋ, ಗಂಧಿಗೆ ಅಂಗಡಿನೋ? ಒಲೆ ಬೂದಿ ತಗಂಡು ಕಿಟಕಿ ಉದ್ದಕೂ ಸುರಿ. ಒಣಗಿರ್ಬೇಕು, ನೆನಪಿಟ್ಕೋ. ನೀರು ಸೋಕುದ್ರೆ ಹೋಯ್ತು."

ಬೂದಿ ಸುರಿದದ್ದಾಯಿತು. ಅಷ್ಟರಲ್ಲಿ ಅರಸೀಕೆರೆಯಲ್ಲಿ ಮೇಷ್ಟರಾಗಿರುವ ಅಳಿಯ ಮೋಹನ್‌ಕುಮಾರ್ ಫೋನಿಗೆ ಒಂದು ವಿಡಿಯೋ ಕಳಿಸಿದ. ಅದರಲ್ಲಿ ಒಬ್ಬ ಹೆಂಗಸು ನಗುನಗುತ್ತ ಕಿಟಕಿಗೆ ನಿಂಬೆರಸ ಒರೆಸುತ್ತಿದ್ದಳು. ನಂಜುಂಡಯ್ಯನವರೂ ಒರೆಸಿದರು. ಬೂದಿ ಕೆಸರಾಯಿತು. ಆ ಕೆಸರಿನ ಮೇಲೇ ಇರುವೆಗಳು ಸೇತುವೆ ಕಟ್ಟಿದವರಂತೆ ಸಾಲಾಗಿ ದಾಟಿದವು. ಎರಡನೆಯ ವಿಡಿಯೋದಲ್ಲಿ ಚಕ್ಕೆ ಪುಡಿ ಬಂತು.

"ಅಪ್ಪಾ, ಬೇವಿನಸೊಪ್ಪು, ಲಕ್ಕಿಸೊಪ್ಪು, ಬಜೆ, ಚಕ್ಕೆ. ಇನ್ನು ಒಂದು ಲೋಟ ನೀರು ಹಾಕಿದ್ರೆ ನಾನೇ ಕಷಾಯ ಆಗ್ತೀನಿ," ಎಂದಳು ಹೇಮಾಶ್ರೀ.

ಈ ಎಲ್ಲದರ ನಡುವೆ ಹೆಂಡತಿ ಮುದ್ದಮ್ಮ ಮಾತ್ರ ಒಂದು ಮದ್ದನ್ನೂ ಹೇಳಲಿಲ್ಲ. ನೆಗಡಿಗೆ ಏಳು, ಬೆನ್ನುನೋವಿಗೆ ಒಂಬತ್ತು ಮದ್ದು ಗೊತ್ತಿದ್ದ ಹೆಂಗಸು.

"ನೀನ್ಯಾಕೆ ಏನೂ ಹೇಳಲ್ಲ?" ಎಂದು ಅವರು ಕೇಳಿದ್ದಕ್ಕೆ, ಕೂಸಿನ ಬಟ್ಟೆ ಮಡಿಸುತ್ತ, "ನಾನೇನ್ ಹೇಳ್ಲಿ. ನೋಡ್ಕೊಂಡು ಓಡಾಡಿ, ಅವುನ್ನ ತುಳೀಬ್ಯಾಡಿ," ಎಂದಳು.

ಸೋಮವಾರ ಬೆಳಿಗ್ಗೆ ಕೂಸಿನ ತೊಡೆಯ ಮೇಲೆ ಮೂರು ಕೆಂಪು ಗುಳ್ಳೆ ಎದ್ದಿದ್ದವು. ಹೇಮಾಶ್ರೀ ಅತ್ತದ್ದು ಅಳಿಯನಿಗೆ ಫೋನಿನಲ್ಲಿ ಕೇಳಿಸಿತು.

"ಮಾವ, ಬೇಜಾರು ಮಾಡ್ಕೋಬೇಡಿ. ಭಾನುವಾರ ಕಾರು ತಗೊಂಡು ಬರ್ತೀನಿ. ಇರುವೆ ಇನ್ನೂ ಇದ್ರೆ ಇಬ್ಬರನ್ನೂ ಕರ್ಕೊಂಡು ಹೋಗ್ತೀನಿ."

ಮೂರು ತಿಂಗಳು ತುಂಬದೆ ಬಾಣಂತಿ ತವರಿನ ಹೊಸಿಲು ದಾಟುವುದು ಆ ಮನೆಯಲ್ಲಿ ನಡೆದದ್ದಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೂಸು ಈಗೀಗ ತಾತನ ದನಿಗೆ ತಲೆ ತಿರುಗಿಸಲು ಕಲಿತಿತ್ತು. ನಂಜುಂಡಯ್ಯನವರು "ಆಗಲಿ" ಎಂದು ಫೋನು ಇಟ್ಟರು. ಆದದ್ದೇನು ಎಂದು ಅವರಿಗೇ ತಿಳಿಯಲಿಲ್ಲ.

ಆ ಸಂಜೆ ಎಂದಿನಂತೆ ದೇವಸ್ಥಾನದ ಮಂಟಪದಲ್ಲಿ ಕಾವ್ಯ ಓದುವುದಿತ್ತು. ಓದುವವರು ಕರಿಬಸವಯ್ಯ. ಕೇಳುವವರಲ್ಲಿ ಯಾರಾದರೂ ಕಥೆಯ ಎಳೆ ಕಳೆದುಕೊಂಡು ಮುಖ ಮುಖ ನೋಡಿದರೆ, ಅವರು ಮುಂದಕ್ಕೆ ಓದುತ್ತಿರಲಿಲ್ಲ. "ಎಲ್ಲಿ ಕೈ ತಪ್ತೋ ನೋಡಾಣ ತಡೀರಿ," ಎಂದು ಒಂದೊಂದೇ ಪದ್ಯ ಹಿಂದಕ್ಕೆ ಹೋಗುತ್ತಿದ್ದರು. ಅಂದು ಯುದ್ಧದ ನಡುವೆ ಗಿಡ್ಡಪ್ಪ ತೂಕಡಿಸಿ ಎದ್ದು, "ಇವನ್ಯಾರು ಸತ್ತೋನು?" ಎಂದು ಕೇಳಿದ. ಕರಿಬಸವಯ್ಯ ನಾಲ್ಕು ಪದ್ಯ ಹಿಂದೆ ಹೋದರು. ನಂಜುಂಡಯ್ಯನವರಿಗೆ ಅಲ್ಲೇ ಹೊಳೆಯಿತು. ಹದಿನೈದು ದಿನದಿಂದ ತಾನು ಸಾಲಿನ ತುದಿಯಲ್ಲೇ ನಿಂತು ಹೊಡೆದಾಡುತ್ತಿದ್ದೇನೆ. ಒಂದು ದಿನವೂ ಅದನ್ನು ಹಿಂದಕ್ಕೆ ಓದಲಿಲ್ಲ.

ಮಂಗಳವಾರ, ಮುದ್ದಮ್ಮ ಕೂಸಿಗೆ ಎಣ್ಣೆ ಹಚ್ಚಿ ಬಚ್ಚಲಿಗೆ ಕರೆದೊಯ್ದ ಹೊತ್ತು, ಅವರು ಹಗ್ಗದಿಂದ ಹಿಂದಕ್ಕೆ ಹೊರಟರು. ಹಗ್ಗದಿಂದ ತೊಲೆ, ತೊಲೆಯಿಂದ ಗೋಡೆ, ಗೋಡೆಯಿಂದ ಕಿಟಕಿ. ಹಿತ್ತಲಿಗೆ ಬಂದು ಕಿಟಕಿಯ ಕೆಳಗೆ ಬಗ್ಗಿದರು. ಗೋಡೆಗೆ ಒತ್ತಿ, ಬಟ್ಟೆ ಒಗೆಯುವ ಕಲ್ಲಿನ ಮರೆಯಲ್ಲಿ, ಒಂದು ತೆಂಗಿನ ಚಿಪ್ಪು. ಒಳಗೆ ರವೆ, ಸಕ್ಕರೆ, ಮೇಲೆ ಚೂರು ಕೊಬ್ಬರಿ ತುರಿ. ಅಂದಿನದೇ, ಇನ್ನೂ ಬಿಳಿಯಾಗಿತ್ತು. ಹೊಂಗೆಮರದ ಬುಡದಿಂದ ಒಂದು ಸಾಲು ಚಿಪ್ಪಿಗೆ ಬರುತ್ತಿತ್ತು. ಚಿಪ್ಪಿನಿಂದ ಇನ್ನೊಂದು ಸಾಲು, ಹಾಲಿನ ವಾಸನೆ ಹಿಡಿದು, ಕಿಟಕಿ ಹತ್ತುತ್ತಿತ್ತು.

ಅವರಿಗೆ ತಮ್ಮ ತಾಯಿ ನೆನಪಾದಳು. ತಮ್ಮನೊಬ್ಬ ಹುಟ್ಟಿದಾಗ ಆಕೆಯೂ ಹೀಗೇ ಹರಕೆ ಹೊತ್ತಿದ್ದಳು. ಕೂಸು ಬೋರಲು ಬೀಳುವವರೆಗೆ ದಿನವೂ ಇರುವೆಗೆ ರವೆ, ಸಕ್ಕರೆ. ಬಾಯಿಬಿಟ್ಟು ಯಾರಿಗೂ ಹೇಳುವಂತಿಲ್ಲ, ಕಂಡವರು ಕೇಳುವಂತಿಲ್ಲ. ಮಾತಾದರೆ ಹರಕೆ ಮುರಿದಂತೆ. ಮುದ್ದಮ್ಮ ಅತ್ತೆಯಿಂದಲೇ ಕಲಿತಿರಬೇಕು. ಮಗಳ ಎರಡು ಬಸಿರು ಕಳೆದ ಮೇಲೆ ಹೊತ್ತ ಹರಕೆ. ಕಿಟಕಿಯ ಕೆಳಗೇ ಏಕಿಟ್ಟಳು ಎನ್ನುವುದೂ ಅಲ್ಲಿ ನಿಂತಾಗ ತಿಳಿಯಿತು. ಅಲ್ಲಿಂದ ಒಳಗಿನ ತೊಟ್ಟಿಲು ಕಾಣುತ್ತಿತ್ತು. ಕೂಸನ್ನು ಕಣ್ಣಳತೆ ಬಿಟ್ಟು ದೂರ ಹೋಗಲು ಅವಳಿಗೆ ಮನಸ್ಸು ಬಂದಿರಲಿಕ್ಕಿಲ್ಲ.

ಚಿಪ್ಪನ್ನು ಎತ್ತಿ ಎಸೆಯಲು ಕೈ ಚಾಚಿದರು. ಕೈ ಅಲ್ಲೇ ನಿಂತಿತು. ಎಸೆದ ಮೇಲೆ ಕೂಸಿಗೆ ಒಂದು ಸೀನು ಬಂದರೂ ಅದು ಯಾರ ತಲೆಗೆ? ಎಸೆಯದೆ ಬಿಟ್ಟರೆ ಭಾನುವಾರ ಕಾರು ಬರುತ್ತದೆ. ಕೂಸನ್ನು ಕಾಪಾಡಲು ಕರೆದ ಇರುವೆಗಳೇ ಕೂಸನ್ನು ಕಚ್ಚುತ್ತಿವೆ. ಇದರಲ್ಲಿ ದೇವರು ಯಾವ ಕಡೆ? ಬಚ್ಚಲಿನಲ್ಲಿ ಕೂಸು ನೀರು ಬಿದ್ದು ಕಿರುಚಿತು. ಅವರು ಅವಸರದಲ್ಲಿ ಚಿಪ್ಪನ್ನು ಒಂದು ಮಾರು ಆಚೆ ಸರಿಸಿ ಒಳಗೆ ಬಂದುಬಿಟ್ಟರು.

ಮಾರನೆಯ ದಿನ ಹೋಗಿ ನೋಡಿದರೆ ಚಿಪ್ಪು ತಾವಿಟ್ಟಲ್ಲೇ ಇತ್ತು, ಹೊಸ ರವೆ ತುಂಬಿತ್ತು. ಮುದ್ದಮ್ಮ ಏನಾದರೂ ಅನ್ನುವಳೇ ಎಂದು ಊಟಕ್ಕೆ ಕೂತಾಗ ಅವಳ ಮುಖ ನೋಡಿದರು.

"ಏನ್ ಹಂಗ್ ನೋಡ್ತೀರಿ? ಸಾರಿಗೆ ಉಪ್ಪು ಕಮ್ಮಿ ಆಯ್ತಾ?"

"ಇಲ್ಲ, ಸರಿಯಾಗೈತೆ."

ಅಂದು ಮತ್ತೊಂದು ಮಾರು ಸರಿಸಿದರು. ಗುರುವಾರ ಇನ್ನೆರಡು. ನಾಯಿ ಎಳೆಯಿತು ಅಂದುಕೊಂಡಳೋ, ದೇವರೇ ಸರಿಸಿದ ಅಂದುಕೊಂಡಳೋ, ಇಟ್ಟಲ್ಲೆಲ್ಲ ರವೆ ಬೀಳುತ್ತಿತ್ತು. ಇರುವೆಗಳೂ ದಿನಕ್ಕಿಷ್ಟು ಹಿಂದೆ ಸರಿದವು. ಶುಕ್ರವಾರ ತೊಲೆ ಖಾಲಿ. ಶನಿವಾರ ಕಿಟಕಿಯಲ್ಲಿ ದಾರಿ ತಪ್ಪಿದ ನಾಲ್ಕೈದು ಮಾತ್ರ. ಚಿಪ್ಪು ಹಿತ್ತಲಿನ ಕೊನೆಯ ಬೇಲಿ ಮುಟ್ಟಿತ್ತು.

ಭಾನುವಾರ ಮೋಹನ್‌ಕುಮಾರ್ ಬಂದವನೇ ಮಗುವನ್ನೂ ನೋಡದೆ ತೊಟ್ಟಿಲ ಹಗ್ಗ ನೋಡಿದ. ತೊಲೆ ನೋಡಿದ. ಕಿಟಕಿಯ ಸಂದಿಗೆ ಮೊಬೈಲಿನ ಬೆಳಕು ಬಿಟ್ಟ.

"ಒಂದೂ ಇಲ್ವಲ್ಲ ಮಾವ. ನಾನು ಹೇಳಿರ್ಲಿಲ್ವಾ, ಚಕ್ಕೆ ಪುಡಿ ಅಂತ?"

"ಹ್ಞೂಂ," ಎಂದರು ನಂಜುಂಡಯ್ಯ.

"ಅದು ಬೂದಿ ಕಣ್ರೀ ಮೇಷ್ಟ್ರೇ," ಎಂದ ಜಗಲಿಯಲ್ಲಿ ಕೂತಿದ್ದ ಗಿಡ್ಡಪ್ಪ. "ನಿಮ್ ಚಕ್ಕೆ ಪಲಾವಿಗೆ ಹಾಕ್ಕಳಿ."

ಕಾರು ಖಾಲಿಯೇ ಹಿಂದಿರುಗಿತು. ಮಗಳೂ ಕೂಸೂ ಉಳಿದರು. ಮುದ್ದಮ್ಮ ಅಂದು ಪಾಯಸ ಮಾಡಿದಳು. ಏತಕ್ಕೆ ಎಂದು ಯಾರೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಮಾರಮ್ಮ ಬೇಲಿಯ ಹತ್ತಿರ ಬಂದು ನಿಂತಳು. ಮುಖ ಸಪ್ಪಗಿತ್ತು.

"ಅಣ್ಣಾ, ನಿಮ್ಮನೆ ಇರುವೆ ಹೋದುವಂತಲ್ಲ. ಏನ್ ಮಾಡುದ್ರಿ? ನಿನ್ನೆಯಿಂದ ನಮ್ಮನೆ ಬೆಲ್ಲದ ಡಬ್ಬಿ ತುಂಬಾ ಇರುವೆ. ಎಲ್ಲಿಂದ ಬಂದ್ವೋ ಶಿವನೇ ಬಲ್ಲ."

ನಿಜ ಹೇಳಿದರೆ ಹರಕೆ ಮುರಿಯುತ್ತದೆ. ಹೇಳದಿದ್ದರೆ ನೆರೆಯವಳ ಬೆಲ್ಲ. ನಂಜುಂಡಯ್ಯನವರ ಹಿಂದೆ ಮುದ್ದಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಅವಳು ಬೇಲಿಯ ಬುಡ ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು.

"ನೀವೇ ಹೇಳಿದ್ರಲ್ಲ ಮಾರಮ್ಮ, ಬಜೆ," ಎಂದರು ನಂಜುಂಡಯ್ಯ ಕೊನೆಗೆ.

"ಹಾಕ್ದೆ ಕಣಣ್ಣ. ನಮ್ ಇರುವೆಗೆ ಬಜೆ ಗೊತ್ತೇ ಇಲ್ಲ."

ಮಂಗಳವಾರ ಕೂಸಿನ ಸ್ನಾನದ ಹೊತ್ತಿಗೆ ಅವರು ಚಿಪ್ಪು ಸರಿಸಲು ಹೋದರು. ಬೇಲಿಯ ಬುಡದಲ್ಲಿ ಚಿಪ್ಪು ಇರಲಿಲ್ಲ. ಹುಡುಕಿ ಹುಡುಕಿ ಹಿತ್ತಲ ಬೇಲಿಯ ದಣಪೆ ದಾಟಿ ಹೊಲದ ದಾರಿಗೆ ಬಂದರು. ಯಾರ ಮನೆಗೂ ಹತ್ತಿರವಲ್ಲದ ಆಲದ ಬೇರಿನ ಮೇಲೆ ಅದು ಕೂತಿತ್ತು. ಹೊಸ ರವೆ, ಹೊಸ ಸಕ್ಕರೆ. ಪಕ್ಕದ ಮಣ್ಣಿನಲ್ಲಿ ಬರಿಗಾಲಿನ ಹೆಜ್ಜೆಗಳಿದ್ದವು. ಕೂಸನ್ನು ಕಣ್ಣಳತೆ ಬಿಟ್ಟು ಹೋಗದವಳು ಇಷ್ಟು ದೂರ ಯಾವಾಗ ಬಂದಳು? ಚಿಪ್ಪು ಸರಿಸುತ್ತಿದ್ದವರು ಯಾರೆಂದು ಮೊದಲ ದಿನದಿಂದಲೇ ಅವಳಿಗೆ ಗೊತ್ತಿತ್ತೋ, ನಿನ್ನೆ ಗೊತ್ತಾಯಿತೋ, ಈಗಲೂ ಗೊತ್ತಿಲ್ಲವೋ? ಕೇಳುವಂತಿಲ್ಲ.

ಮನೆಗೆ ಬಂದಾಗ ಮುದ್ದಮ್ಮ ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದಳು.

"ನಾಳೆಯಿಂದ ಈ ಹೊತ್ತಿಗೆ ಕೂಸಿನ ಹತ್ರ ಒಂದು ಗಳಿಗೆ ಕೂತಿರಿ," ಎಂದಳು ತಲೆಯೆತ್ತದೆ. "ನಂಗೆ ಹೊಲದ ತಾವ ಚೂರು ಕೆಲ್ಸ ಐತೆ."

"ಎಷ್ಟು ದಿನ?"

"ಅದು ಬೋರಲು ಬೀಳೋವರ್ಗೂ."

ನಂಜುಂಡಯ್ಯನವರು ಮತ್ತೇನೂ ಕೇಳದೆ ತೊಟ್ಟಿಲ ಹಗ್ಗ ಹಿಡಿದು ಕೂತರು.