ಓಡದ ನಾಲ್ಕು ವಾರ

"ಮೂಳೆ ಮುರಿದಿಲ್ಲ ಕಣಪ್ಪ. ಮುರಿಯೋದಕ್ಕೆ ನೀನೇ ಅರ್ಜಿ ಹಾಕ್ಕೊಂಡಿದೀಯ, ಅಷ್ಟೆ."

ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ ವತ್ಸಲಾ ಮೇಡಂ ಅದನ್ನು ಪಕ್ಕಕ್ಕಿಟ್ಟು, ಆವಲಪ್ಪನ ಕಣಕಾಲಿನ ಮೂಳೆಯಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಆವಲಪ್ಪ ಮಂಚದ ಮೇಲೆ ಒಂದು ಗೇಣು ಎಗರಿದ. ಫಿಸಿಯೋಥೆರಪಿ ಅನ್ನುವ ಹೆಸರೇ ಆಗಿನ ಪೀಣ್ಯಕ್ಕೆ ಹೊಸದು. ಜನ ಅವರನ್ನು ಕರೆಂಟು ಕೊಡೋ ಡಾಕ್ಟ್ರಮ್ಮ ಎನ್ನುತ್ತಿದ್ದರು.

"ಇನ್ನೆಂಟು ವಾರಕ್ಕೆ ಸೆಲೆಕ್ಷನ್ನು ಮೇಡಂ," ಎಂದ ಜೊತೆಗೆ ಬಂದಿದ್ದ ಫಿಟ್ಟರ್ ಸೀನ. "ಸಾವಿರದೈನೂರು ಮೀಟರ್ ಗೆದ್ದೋನನ್ನ ಫ್ಯಾಕ್ಟರಿ ಪರ್ಮನೆಂಟ್ ಮಾಡುತ್ತೆ. ಇವನು ಮೂರು ವರ್ಷದಿಂದ ಟೆಂಪರರಿ."

"ಎಲ್ಲಿ ಓಡ್ತೀಯ?"

"ಶಿಫ್ಟ್ ಮುಗಿಸ್ಕಂಡು ಶೆಡ್ ಸುತ್ತ, ಸಿಮೆಂಟ್ ರಸ್ತೇಲಿ," ಎಂದ ಆವಲಪ್ಪ.

"ಯಾವ ಶೂ?"

ಆವಲಪ್ಪ ಸೀನನ ಮುಖ ನೋಡಿದ. ಸೀನ ಗೋಡೆ ನೋಡಿದ.

"ಸೇಫ್ಟಿ ಶೂ ಮೇಡಂ. ಆ ಕಬ್ಬಿಣದ್ ಮೂತೀದ್ರಲ್ಲಿ ಓಡಿ ರೂಢಿಯಾದ್ರೆ ರೇಸಿನ್ ದಿನ ಕಾಲು ಅಗುರಾಯ್ತದೆ ಅಂತ ಇವ್ನೇ..." ಆವಲಪ್ಪ ಸೀನನ ಕಡೆ ಕೈ ತೋರಿಸಿದ.

"ಭಲೇ ಕೋಚು!" ಮೇಡಂ ನಕ್ಕೇ ಬಿಟ್ಟರು. ಆಮೇಲೆ ನಗು ನಿಲ್ಲಿಸಿದರು. "ನಾಲ್ಕು ವಾರ ಓಡಬಾರದು."

"ನಾಕ್ ವಾರಾನಾ! ಅದೇ ರೇಸಿಗೆ ನಮ್ ಶೆಡ್ಡಿನ್ ಶ್ಯಾಮಸುಂದರ ದಿನಾ ಓಡ್ತಾವ್ನೆ ಮೇಡಂ!"

"ಅವನ ಕಾಲು ಅವನದು. ನಿನಗೆ ಓಡೋದಕ್ಕಿಂತ ಕಷ್ಟದ ಕೆಲಸ ಕೊಡ್ತೀನಿ. ಆಗುತ್ತಾ?"

ಆವಲಪ್ಪ ಕಾಲನ್ನು ಮಂಚದಿಂದ ಕೆಳಗಿಳಿಸಿದ. "ಆಯ್ತದೆ," ಎಂದ.

ಅಂದಿನಿಂದ ದಿನವೂ ಐಸ್‌ಕ್ಯಾಂಡಿ ಅಂಗಡಿಯಿಂದ ಮಂಜುಗಡ್ಡೆ ತಂದು ಕಣಕಾಲಿಗೆ ಉಜ್ಜಿಕೊಂಡ. ಗೋಡೆಗೆ ಕೈಕೊಟ್ಟು ಮೀನಖಂಡ ಹಿಗ್ಗಿಸಿದ. ಬರೀ ಹಿಮ್ಮಡಿಯ ಮೇಲೆ ಅಂಗಳದ ಉದ್ದಕ್ಕೂ ನಡೆದ. ಹರಳೆಣ್ಣೆ ಬಿಸಿ ಮಾಡಿಕೊಂಡು ತಿಕ್ಕಲು ಕಾಯುತ್ತಿದ್ದ ತಾಯಿ ಭದ್ರಮ್ಮ ಬಾಯಿ ಬಡಿದುಕೊಂಡರು.

"ಐಸ್ ಇಟ್ರೆ ವಾಯು ಇಡೀತದೆ ಕಣ್ಲಾ!"

"ಈ ಒಂದ್ ಸಲ ಆಯಮ್ಮ ಏಳ್ದಂಗೆ ಕೇಳಾನ ಬಿಡವ್ವ."

ಫ್ಯಾಕ್ಟರಿಯಲ್ಲಿ ಡ್ರಿಲ್ಲಿಂಗ್ ಮಷೀನಿನ ಮುಂದೆ ನಿಂತೇ ಹಿಮ್ಮಡಿ ಎತ್ತಿ ಇಳಿಸುತ್ತಿದ್ದರೆ, ಅಕ್ಕಪಕ್ಕದವರು "ಅರಂಗೇಟ್ರಂ ಯಾವಾಗ ಗುರು?" ಎನ್ನುತ್ತಿದ್ದರು. ಅವನು ಕೆಲಸವನ್ನೂ ನಿಲ್ಲಿಸಲಿಲ್ಲ, ಹಿಮ್ಮಡಿಯನ್ನೂ ನಿಲ್ಲಿಸಲಿಲ್ಲ.

ನಾಲ್ಕು ವಾರ ಕಳೆದ ಮೇಲೆ ಮೇಡಂ ಮತ್ತೆ ಹೆಬ್ಬೆರಳು ಒತ್ತಿದರು. ಆವಲಪ್ಪ ಅಲ್ಲಾಡಲಿಲ್ಲ.

"ಕ್ಯಾನ್ವಾಸ್ ಶೂ ಹಾಕ್ಕೊಂಡು ಮಣ್ಣಲ್ಲಿ ಓಡು. ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆ. ಈ ವಾರ ಅಷ್ಟೇ. ಒಂದು ಹೆಜ್ಜೆ ಜಾಸ್ತಿಯಾದ್ರೂ ನನ್ನ ಹತ್ರ ಬರಬೇಡ."

ಮರುದಿನ ಬೆಳಿಗ್ಗೆ ಕೆರೆಯಂಗಳದಲ್ಲಿ ಸೀನ ವಾಚು ಹಿಡಿದು ನಿಂತ. ಆವಲಪ್ಪ ಓಡಿದ. ನೋವಿರಲಿಲ್ಲ. ಸೀನ ಕೈಯೆತ್ತಿದ ಕೂಡಲೇ ನಡಿಗೆಗೆ ಇಳಿದ. ಅಷ್ಟರಲ್ಲಿ ಹಿಂದಿನಿಂದ ಶ್ಯಾಮಸುಂದರನ ಹೆಜ್ಜೆ ಸದ್ದು ಕೇಳಿತು.

"ಹೋಗೋ ಮಗಾ, ಅವನ ಜೊತೆ ಒಂದೇ ಒಂದು ರೌಂಡು! ಕಾಲು ಚೆನ್ನಾಗೈತಲ್ಲ!" ಸೀನನಿಗೆ ತಡೆಯಲಾಗಲಿಲ್ಲ.

"ನೀನು ವಾಚ್ ನೋಡು."

ಶ್ಯಾಮಸುಂದರ ಧೂಳೆಬ್ಬಿಸಿಕೊಂಡು ದಾಟಿ ಹೋದ. ಆವಲಪ್ಪ ಧೂಳನ್ನು ಕೈಯಿಂದ ಸರಿಸಿ ನಡೆಯುತ್ತಲೇ ಇದ್ದ. ಮೂರು ನಿಮಿಷ ಮುಗಿದು ಸೀನ ಮತ್ತೆ ಕೈಯೆತ್ತಿದ ಮೇಲೆ ಓಡಿದ.